ಪಟ್ಟಿ ಓಡ್ತದ, ಬೆಳಕು ಮಾತ್ರ ಅಲ್ಲೇ ಅದ

ಈ ಸಲದ ಪತ್ರ ನೋಡಿದ್ರ ಅರ್ಧಕ್ಕರ್ಧ ಒಂದೇ ಗೋಳು. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕ್ಕೊಂಡೀವ್ರಿ, ಎಲ್ಲಾ ಛಲೋ ಅದ, ಆದ್ರ ಮ್ಯಾಲಿನ ಸಾಲಿನ ಎಫ್ ಕೀ ಮಾತ್ರ ಮಾತು ಕೇಳಲ್ಲ ಅಂತ. ಅದಕ್ಕ ಈ ವಾರ ಬರೇ ಇದೇ. ಕಮಾಂಡ್‌ಗಳನ್ನ ಫೋನ್‌ನಾಗ ಓದಿ ಹೇಳ್ದಂಗ ಕನ್ನಡದಾಗೇ ಬರ್ದೀನಿ, ನೀವು ಟೈಪ್ ಮಾಡೂವಾಗ ಇಂಗ್ಲಿಷ್ ಸಣ್ಣಕ್ಷರ ಹೊಡೀರಿ.

ಪ್ರಶ್ನೆ: ನಾನು ಕಲಬುರಗಿಯಾಗ ರೂಮ್ ಮಾಡ್ಕೊಂಡು ಪರೀಕ್ಷೆಗೆ ಓದ್ಲಾಕತ್ತೀನಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಉಬುಂಟು 22.04, ಕರ್ನಲ್ 5.15. ಬ್ರೈಟ್‌ನೆಸ್ ಕೀ ಒತ್ತಿದ್ರ ಸೂರ್ಯನ ಚಿತ್ರ ಬರ್ತದ, ಪಟ್ಟಿ ಏರ್ತದ ಇಳೀತದ, ಆದ್ರ ಬೆಳಕು ತಟಗನೂ ಬದಲಾಗಲ್ಲ, ರಾತ್ರಿ ಫುಲ್ ಬೆಳಕು ಕಣ್ಣಿಗೆ ಹೊಡೀತದ. ರಿಪೇರಿ ಅಂಗಡಿಯವ್ರು ಸ್ಕ್ರೀನೇ ಹೋಗ್ಯಾದ, ಬದ್ಲಿ ಮಾಡ್ಬೇಕು ಅಂತಾರ. ಖರೆ ಏನ್ರಿ?

ಉತ್ತರ: ಸ್ಕ್ರೀನ್ ಹೋಗಿಲ್ಲ, ರೊಕ್ಕ ಕೊಡಬ್ಯಾಡ್ರಿ. ನಿಮ್ ಪತ್ರದಾಗೇ ಅರ್ಧ ಉತ್ತರ ಅದ ನೋಡ್ರಿ. ಪಟ್ಟಿ ಏರ್ತದ ಇಳೀತದ ಅಂದ್ರ ನೀವು ಒತ್ತಿದ ಕೀ ಕರ್ನಲ್‌ಗೆ, ಅಂದ್ರ ಲಿನಕ್ಸಿನ ತಿರುಳಿಗೆ, ಮುಟ್ಟ್ಯಾದ, ಅಲ್ಲಿಂದ ಡೆಸ್ಕ್‌ಟಾಪ್‌ಗೂ ಮುಟ್ಟ್ಯಾದ, ಡೆಸ್ಕ್‌ಟಾಪ್ ತನ್ನ ಕೆಲಸ ಮಾಡಿ ಎಲ್ಲೋ ಒಂದು ನಂಬರ್ ಬರ್ದು ಸುಮ್ನ ಕುಂತದ, ಆ ನಂಬರ್ ಲೈಟಿಗೆ ಮುಟ್ಟಿಲ್ಲ ಅಷ್ಟೇ. ಮನ್ಯಾಗ ನಳಕ್ಕ ನೀರು ಬರ್ಲಿಲ್ಲ ಅಂದ್ರ ಮೊದ್ಲೇ ಯಾರೂ ಮೋಟಾರ್ ಬಿಚ್ಚಲ್ಲ, ಟಾಕಿ ತುಂಬ್ಯಾದೋ ಇಲ್ಲೋ, ವಾಲ್ವ್ ತೆರ್ದದೋ ಇಲ್ಲೋ ನೋಡ್ತಾರ. ನಿಮ್ದು ಒಂದೇ ನಳಕ್ಕ ಎರಡು ವಾಲ್ವ್ ಇರೋ ಕೇಸು, ಡೆಸ್ಕ್‌ಟಾಪ್ ತಿರುಗಿಸ್ಲಾಕತ್ತಿದ್ದು ಪೈಪೇ ಇಲ್ದ ವಾಲ್ವ್.

ಟರ್ಮಿನಲ್ ತೆರ್ದು ಎಲ್‌ಎಸ್, ಒಂದು ಜಾಗ ಬಿಟ್ಟು ಸ್ಲ್ಯಾಶ್ ಸಿಸ್ ಸ್ಲ್ಯಾಶ್ ಕ್ಲಾಸ್ ಸ್ಲ್ಯಾಶ್ ಬ್ಯಾಕ್‌ಲೈಟ್ ಅಂತ ಹೊಡೀರಿ. ನನ್ನ ಅಂದಾಜಿಗೆ ಎರಡು ಹೆಸ್ರು ಬರ್ತಾವ, ಎಸಿಪಿಐ ಅಂಡರ್‌ಸ್ಕೋರ್ ವಿಡಿಯೋ ಸೊನ್ನೆ ಅಂತ ಒಂದು, ಇಂಟೆಲ್ ಅಂಡರ್‌ಸ್ಕೋರ್ ಬ್ಯಾಕ್‌ಲೈಟ್ ಅಂತ ಇನ್ನೊಂದು. ಎಎಮ್‌ಡಿ ಇದ್ರ ಎಎಮ್‌ಡಿಜಿಪಿಯು ಬಿಎಲ್ ಅಂತ ಇರ್ತದ. ಮೊದಲ್ನೇದು ಬಯೋಸ್, ಅಂದ್ರ ಮದರ್‌ಬೋರ್ಡಿನಾಗೇ ಇರೋ ಮೂಲ ಸಾಫ್ಟ್‌ವೇರ್, ಅದ್ರ ಕಡಿಯಿಂದ ಬಂದ ದಾರಿ, ಎರಡನೇದು ಗ್ರಾಫಿಕ್ಸ್ ಚಿಪ್ ಸೀದಾ ಲೈಟಿಗೆ ಹೇಳೋ ದಾರಿ. ಪ್ರತಿ ಫೋಲ್ಡರ್‌ನಾಗೂ ಟೈಪ್ ಅಂತ ಒಂದು ಸಣ್ಣ ಫೈಲ್ ಅದ, ಅದ್ರಾಗ ಫರ್ಮ್‌ವೇರ್, ಪ್ಲ್ಯಾಟ್‌ಫಾರ್ಮ್, ರಾ ಈ ಮೂರರಾಗ ಒಂದು ಬರ್ದಿರ್ತದ. ನಿಮ್ ಉಬುಂಟುದಾಗಿನ ಡೆಸ್ಕ್‌ಟಾಪ್, ಅಂದ್ರ ಗ್ನೋಮ್, ಮೊದ್ಲು ಫರ್ಮ್‌ವೇರ್ ಹಿಡೀತದ, ಅದಿಲ್ಲ ಅಂದ್ರ ಪ್ಲ್ಯಾಟ್‌ಫಾರ್ಮ್, ಯಾವ್ದೂ ಇಲ್ಲ ಅಂದ್ರಷ್ಟೇ ರಾ. ಬಯೋಸ್ ದಾರಿ ಸತ್ತಿದ್ರೂ ಅದ್ರ ಫೋಲ್ಡರ್ ಅಲ್ಲೇ ಇರ್ತದಲ್ಲ, ಡೆಸ್ಕ್‌ಟಾಪ್ ಅದನ್ನೇ ನಂಬ್ಕೊಂಡು ನಂಬರ್ ಬರೀತಾ ಹೋಗ್ತದ, ಪಟ್ಟೀನೂ ಓಡ್ತದ.

ಸಂಶಯ ಇದ್ರ ಕೈಯಾರೆ ನೋಡ್ರಿ. ಇಂಟೆಲ್ ಫೋಲ್ಡರ್‌ನಾಗ ಮ್ಯಾಕ್ಸ್ ಅಂಡರ್‌ಸ್ಕೋರ್ ಬ್ರೈಟ್‌ನೆಸ್ ಅನ್ನೋ ಫೈಲನ್ನ ಕ್ಯಾಟ್ ಕಮಾಂಡ್‌ನಿಂದ ಓದ್ರಿ. ಒಂದು ಮಷೀನ್‌ನಾಗ ಅದು 255 ಇರ್ಬಹುದು, ಇನ್ನೊಂದ್ರಾಗ ಸಾವಿರಗಟ್ಲೆ, ಅದು ಬರೇ ಮೆಟ್ಟಿಲು ಎಷ್ಟು ಅನ್ನೋ ಲೆಕ್ಕ, ದೊಡ್ಡ ನಂಬರ್ ಅಂದ್ರ ಜಾಸ್ತಿ ಬೆಳಕು ಅಂತಲ್ಲ. ಅದ್ರ ಅರ್ಧ ತಗೊಂಡು ಬಾಜೂಕ್ಕಿರೋ ಬ್ರೈಟ್‌ನೆಸ್ ಅನ್ನೋ ಫೈಲಿಗೆ ಬರೀಬೇಕು. ಇಲ್ಲೇ ಎಲ್ಲಾರೂ ಮುಗ್ಗರಿಸ್ತಾರ. ಸುಡೊ (ಅಡ್ಮಿನ್ ಅಧಿಕಾರದಾಗ ಕಮಾಂಡ್ ಓಡ್ಸೋದು) ಎಕೋ ಅಂತ ಬರ್ದು, ನಂಬರ್ ಬರ್ದು, ಗ್ರೇಟರ್ ದ್ಯಾನ್ ಚಿಹ್ನೆ ಹಾಕಿ ಫೈಲ್ ಹೆಸ್ರು ಕೊಡ್ತಾರ, ಪರ್ಮಿಶನ್ ಡಿನೈಡ್ ಬರ್ತದ, ಸುಡೊ ಹಾಕಿದ್ರೂ ಯಾಕ ಅಂತ ತಲಿ ಕೆರ್ಕೋತಾರ. ಯಾಕಂದ್ರ ಸುಡೊ ಎಕೋಗೆ ಮಾತ್ರ ಹತ್ತ್ಯಾದ, ಫೈಲ್ ತೆರ್ಯೋದು ನಿಮ್ ಶೆಲ್, ಅಂದ್ರ ಟರ್ಮಿನಲ್‌ನಾಗ ಕಮಾಂಡ್ ಓದೋ ಪ್ರೋಗ್ರಾಮ್, ಅದು ಸಾದಾ ಯೂಸರ್. ಎಕೋ, ನಂಬರ್, ಪೈಪ್ ಅಂದ್ರ ನಿಂತ ಗೆರಿ, ಸುಡೊ ಟೀ, ಆಮ್ಯಾಲ ಫೈಲಿನ ಪೂರಾ ದಾರಿ, ಹಿಂಗ ಬರೀರಿ. ಬೆಳಕು ಟಕ್ಕಂತ ಇಳೀತಂದ್ರ ಸ್ಕ್ರೀನ್ ಗಟ್ಟಿ ಅದ, ಆ ಅಂಗಡಿಗೆ ಮತ್ತ ಹೋಗಬ್ಯಾಡ್ರಿ.

ಆದ್ರ ಸೊನ್ನೆ ಮಾತ್ರ ಹಾಕಬ್ಯಾಡ್ರಿ. ನಾನು ಒಂದ್ಸಲ ಶಾಣ್ಯಾತನ ಮಾಡ್ಲಾಕ ಹೋಗಿ ಹಾಕೀನಿ, ಸ್ಕ್ರೀನ್ ಪೂರಾ ಕಪ್ಪು, ರಾತ್ರಿ ಹನ್ನೊಂದಾಗಿತ್ತು, ಮರುದಿನ ಮುಂಜಾನಿ ಲೇಖನ ಕೊಡೋದಿತ್ತು. ಕಡೀಕ ಮೊಬೈಲ್ ಟಾರ್ಚ್ ಓರೆ ಹಿಡಿದು ನೋಡಿದ್ರ ಅಕ್ಷರ ಮಸುಕ್ ಮಸುಕಾಗಿ ಕಾಣ್ತಾವ, ಚಿತ್ರ ಇತ್ತು, ಹಿಂದಿನ ಲೈಟ್ ಅಷ್ಟೇ ಆರಿತ್ತು. ಒಂದು ಕೈಯಾಗ ಟಾರ್ಚ್ ಹಿಡ್ಕೊಂಡೇ ಮ್ಯಾಲಿನ ಬಾಣದ ಕೀ ಒತ್ತಿ ಹಳೇ ಕಮಾಂಡ್ ತಂದು ಸೊನ್ನೆ ಅಳಿಸಿ 400 ಹಾಕ್ದೆ, ಬೆಳಕು ಬಂತು. ಅಷ್ಟು ಪರೇಶಾನ್ ಆಗೋದೇ ಬೇಕಿರ್ಲಿಲ್ಲ, ಸುಮ್ಕ ರೀಸ್ಟಾರ್ಟ್ ಮಾಡಿದ್ರೂ ಆಗ್ತಿತ್ತು, ಸಿಸ್ಟಮ್‌ಡಿ ಅನ್ನೋ ಲಿನಕ್ಸ್ ಶುರು ಮಾಡೋ ಪ್ರೋಗ್ರಾಮ್ ಬೂಟ್ ಆಗೂವಾಗ ಹಳೇ ಬೆಳಕು ವಾಪಸ್ ತರೋವಾಗ ಕಡಿಮಿ ಅಂದ್ರೂ 5 ಪರ್ಸೆಂಟ್ ಇಡ್ತದ, ಪೂರಾ ಕತ್ತಲಿ ಬಿಡಲ್ಲ.

ಇನ್ನ ಪಕ್ಕಾ ಇಲಾಜು. ಮೊದ್ಲು ಒಂದೇ ಬೂಟಿನ ಮಟ್ಟಿಗೆ ಪರೀಕ್ಷೆ ಮಾಡ್ರಿ. ಮಷೀನ್ ಆನ್ ಆಗೂವಾಗ ಎಸ್ಕೇಪ್ ತಟ್ಟಿ, ಹಳೇ ಬಯೋಸ್ ಇದ್ರ ಶಿಫ್ಟ್ ಹಿಡ್ಕೊಂಡು ಗ್ರಬ್ ಮೆನು (ಯಾವ ಸಿಸ್ಟಮ್ ಬೂಟ್ ಮಾಡ್ಲಿ ಅಂತ ಕೇಳೋ ಪಟ್ಟಿ) ತರ್ರಿ, ಉಬುಂಟು ಸಾಲಿನ ಮ್ಯಾಲ ನಿಂತು ಇ ಅಕ್ಷರ ಒತ್ರಿ, ಲಿನಕ್ಸ್ ಅಂತ ಶುರುವಾಗೋ ಉದ್ದನ ಸಾಲಿನ ಕಡೀಕ, ಕ್ವಾಯಟ್ ಸ್ಪ್ಲ್ಯಾಶ್ ಆದ ಮ್ಯಾಲ, ಒಂದು ಜಾಗ ಬಿಟ್ಟು ಎಸಿಪಿಐ ಅಂಡರ್‌ಸ್ಕೋರ್ ಬ್ಯಾಕ್‌ಲೈಟ್ ಈಕ್ವಲ್ ಟು ನೇಟಿವ್ ಅಂತ ಸೇರ್ಸಿ ಎಫ್10 ಒತ್ರಿ. ಈಗ ಬಯೋಸ್ ದಾರಿ ಮುಚ್ಚಿ ಗ್ರಾಫಿಕ್ಸ್ ಚಿಪ್ಪಿನ ದಾರಿ ಒಂದೇ ಉಳೀತದ. ಕೀ ಒತ್ತಿ ನೋಡ್ರಿ. ನಡೀಲಿಲ್ಲ ಅಂದ್ರ ನೇಟಿವ್ ಬದ್ಲಿ ವೆಂಡರ್, ಆಮ್ಯಾಲ ವಿಡಿಯೋ, ಒಂದೊಂದೇ, ಮೂರೂ ಕೂಡಿ ಹಾಕಬ್ಯಾಡ್ರಿ. ರೀಸ್ಟಾರ್ಟ್ ಮಾಡಿದ್ರ ಎಲ್ಲಾ ಮೊದಲಿನಂಗ ಆಗ್ತದ, ಅದಕ್ಕ ಹೆದರಿಕಿ ಇಲ್ಲ. ಯಾವುದು ಹತ್ತಿತೋ ಅದನ್ನ ಇಟಿಸಿ ಒಳಗ ಡಿಫಾಲ್ಟ್ ಒಳಗಿನ ಗ್ರಬ್ ಫೈಲ್‌ನಾಗ, ಅದೇ ಕ್ವಾಯಟ್ ಸ್ಪ್ಲ್ಯಾಶ್ ಇರೋ ಕೋಟ್ ಒಳಗೇ ಬರ್ದು ಸುಡೊ ಅಪ್‌ಡೇಟ್ ಹೈಫನ್ ಗ್ರಬ್ ಕೊಡ್ರಿ. ಎಷ್ಟೋ ಮಂದಿ ಫೈಲ್ ತಿದ್ದಿ ಈ ಕಡೀ ಕಮಾಂಡ್ ಮರೀತಾರ, ಆಮ್ಯಾಲ ಲಿನಕ್ಸ್‌ಗೇ ಬೈತಾರ.

ಇನ್ನೊಂದು ಮಾತು, ಕರ್ನಲ್ 6.1ರಾಗ ಈ ಎರಡು ವಾಲ್ವಿನ ಗೊಂದಲಕ್ಕೇ ಕೈ ಹಾಕ್ಯಾರ, ಯಾವ ದಾರಿ ಬೇಕು ಅಂತ ಕರ್ನಲ್ಲೇ ಆರಿಸಿ ಒಂದನ್ನಷ್ಟೇ ತೋರಿಸೋ ಹಂಗ ಮಾಡ್ಯಾರ. ನಿಮ್ದು 5.15 ಅಂದ್ರಿ, ಹೊಸ ಉಬುಂಟು ಪೆನ್‌ಡ್ರೈವ್‌ನಾಗ ಹಾಕಿ ಇನ್‌ಸ್ಟಾಲ್ ಮಾಡ್ದೇ ಲೈವ್ ಬೂಟ್ ಮಾಡಿ ನೋಡ್ರಿ, ಅಲ್ಲಿ ಕೀ ನಡೀತಂದ್ರ ಇಷ್ಟೆಲ್ಲಾ ಗುದ್ದಾಟಾನೇ ಬ್ಯಾಡ, ಅಪ್‌ಗ್ರೇಡ್ ಮಾಡ್ರಿ.

ಪ್ರಶ್ನೆ: ಬೀದರ್‌ನಾಗ ನಾನು ಬಿದರಿ ಸಾಮಾನಿನ ಫೋಟೊ ತೆಗೆದು ಆರ್ಡರ್ ಹಿಡೀತೀನಿ. ಕರಿ ಲೋಹದ ಮ್ಯಾಲ ಬೆಳ್ಳಿ ತಂತಿ, ಬೆಳಕು ಹೆಚ್ಚುಕಮ್ಮಿ ಮಾಡ್ಕೊಂಡು ನೋಡ್ಲಿಲ್ಲ ಅಂದ್ರ ಫೋಟೊ ಹೆಂಗ ಬಂದದ ತಿಳಿಯಲ್ಲ. ನನ್ ಲ್ಯಾಪ್‌ಟಾಪ್‌ನಾಗ ಮೌಸ್‌ನಿಂದ ಸ್ಲೈಡರ್ ಎಳೆದ್ರ ಬೆಳಕು ಬದಲಾಗ್ತದ, ಆದ್ರ ಕೀ ಒತ್ತಿದ್ರ ಪಟ್ಟೀನೂ ಬರಲ್ಲ ಏನೂ ಬರಲ್ಲ. ವಾಲ್ಯೂಮ್ ಕೀ ಮಾತ್ರ ಛಲೋ ನಡೀತಾವ.

ಉತ್ತರ: ನಿಮ್ದು ಮೇಲಿನವ್ರದಕ್ಕ ಪೂರಾ ಉಲ್ಟಾ. ಲೈಟಿನ ದಾರಿ ಸರಿ ಅದ, ಕೀ ದಾರ್ಯಾಗೇ ಕಳೀಲಾಕತ್ತದ. ಎಲ್ಲಿ ಕಳೀತು ಅಂತ ಹಿಡೀಲಾಕ ಇವಿಟೆಸ್ಟ್ ಅಂತ ಒಂದು ಟೂಲ್ ಅದ, ಎಪಿಟಿ ಇನ್‌ಸ್ಟಾಲ್ ಕಮಾಂಡ್‌ನಿಂದ ಹಾಕ್ಕೊಂಡು ಸುಡೊ ಜೊತಿ ಓಡ್ಸ್ರಿ, ಡಿವೈಸ್‌ಗಳ ಪಟ್ಟಿ ಕೊಟ್ಟು ಯಾವ್ದು ಬೇಕು ಅಂತ ಕೇಳ್ತದ. ಎಲ್ಲಾರೂ ಎಟಿ ಟ್ರಾನ್ಸ್‌ಲೇಟೆಡ್ ಸೆಟ್ 2 ಕೀಬೋರ್ಡ್ ಅಂತ ಇರೋದನ್ನ ಆರಿಸಿ, ಬ್ರೈಟ್‌ನೆಸ್ ಕೀ ಒತ್ತಿ, ಏನೂ ಬರ್ಲಿಲ್ಲ, ಕೀ ಸತ್ತದ ಅಂತಾರ. ತಡೀರಿ. ಬ್ರೈಟ್‌ನೆಸ್ ಕೀ ಎಷ್ಟೋ ಮಷೀನ್‌ನಾಗ ಕೀಬೋರ್ಡ್ ಹಾದೀಲೆ ಬರೋದೇ ಇಲ್ಲ, ವಿಡಿಯೋ ಬಸ್ ಅನ್ನೋ ಡಿವೈಸಿನಿಂದ ಬರ್ತದ, ಇಲ್ಲಾ ಕಂಪನಿ ಹೆಸ್ರಿನ ಡಬ್ಲ್ಯುಎಮ್‌ಐ ಹಾಟ್‌ಕೀ ಅನ್ನೋ ಡಿವೈಸಿನಿಂದ. ನಿಮ್ ವಾಲ್ಯೂಮ್ ಕೀ ಒಂದು ಹಾದಿ ಹಿಡಿದದ, ಬ್ರೈಟ್‌ನೆಸ್ ಕೀ ಇನ್ನೊಂದು, ಅದಕ್ಕೇ ಒಂದು ನಡೆದು ಒಂದು ನಡೀತಿಲ್ಲ. ಒಂದೊಂದೇ ಡಿವೈಸ್ ಆರಿಸಿ ಒತ್ತಿ ನೋಡ್ರಿ. ಬ್ರೈಟ್‌ನೆಸ್ ಡೌನ್‌ಗೆ 224, ಅಪ್‌ಗೆ 225 ಅಂತ ಕಂಡ್ರ ಕರ್ನಲ್‌ಗೆ ಮುಟ್ಟ್ಯಾದ, ತಪ್ಪು ಡೆಸ್ಕ್‌ಟಾಪ್‌ನದು, ಸೆಟ್ಟಿಂಗ್ಸ್‌ನಾಗ ಕೀಬೋರ್ಡ್ ಶಾರ್ಟ್‌ಕಟ್ ನೋಡ್ರಿ. ಅನ್‌ನೋನ್, 240 ಅಂತ ಕಂಡ್ರ ಕೀ ಬರ್ಲಾಕತ್ತದ ಆದ್ರ ಕರ್ನಲ್‌ಗೆ ಅದ್ರ ಹೆಸ್ರು ಗೊತ್ತಿಲ್ಲ, ಅದಕ್ಕ ಹೆಸ್ರಿಡೋದು ಡಿವೈಸ್ ನೋಡ್ಕೊಳ್ಳೋ ಯುಡೆವ್‌ನ ಎಚ್‌ಡಬ್ಲ್ಯುಡಿಬಿ ಫೈಲ್‌ನಾಗ, ಇವಿಟೆಸ್ಟ್ ತೋರ್ಸೋ ಸ್ಕ್ಯಾನ್‌ಕೋಡ್ (ಆ ಕೀಯ ನಂಬರ್) ಬರ್ದು ಕಳಿಸಿದ್ರ ಮುಂದಿನ ಸಲ ಸಾಲು ಸಾಲಾಗಿ ಹೇಳ್ತೀನಿ.

ಎಲ್ಲೂ ಏನೂ ಕಾಣ್ಲಿಲ್ಲ ಅಂದ್ರ ಕೀ ಬಯೋಸ್‌ನಾಗೇ ಕುಂತದ. ಮೊದ್ಲು ಎಫ್ಎನ್ ಜೊತಿ ಎಸ್ಕೇಪ್ ಒತ್ತಿ ನೋಡ್ರಿ, ಭಾಳ ಮಷೀನ್‌ನಾಗ ಅದೇ ಎಫ್ಎನ್ ಲಾಕ್. ಅದೂ ಅಲ್ಲ ಅಂದ್ರ ಒಂದು ತಮಾಷಿ ಕೇಳ್ರಿ. ಬೂಟ್ ಆಗೂವಾಗ ಬಯೋಸು ನೀ ಯಾರಪ್ಪ, ಯಾವ ವಿಂಡೋಸ್ ಅಂತ ಕೇಳ್ತದ, ಲಿನಕ್ಸ್ ಕರ್ನಲ್ ಬೇಕಂತಲೇ ಹೌದ್ರಿ ನಾ ವಿಂಡೋಸೇ ಅಂತ ಹೇಳ್ತದ. ಸುಳ್ಳು ಖರೆ, ಆದ್ರ ಹಂಗ ಹೇಳ್ಲಿಲ್ಲ ಅಂದ್ರ ಎಷ್ಟೋ ಬಯೋಸ್ ಅರ್ಧ ಕೆಲಸ ಮಾಡಂಗಿಲ್ಲ. ಇಲ್ಲಿ ವಿಂಡೋಸ್ 2009 ಅಂದ್ರ ವಿಂಡೋಸ್ 7, 2012 ಅಂದ್ರ ವಿಂಡೋಸ್ 8. ವಿಂಡೋಸ್ 8 ಬಂದಾಗಿಂದ ಬೆಳಕಿನ ಕೆಲಸ ಬಯೋಸ್‌ನಿಂದ ಗ್ರಾಫಿಕ್ಸ್ ಡ್ರೈವರ್ ಕಡಿ ಹೋಯ್ತು, ಆ ಕಾಲದ ಕೆಲವು ಬಯೋಸ್ 2012 ಅನ್ನೋ ಉತ್ತರ ಕೇಳಿದ ಕೂಡ್ಲೇ ಕೀ ವಿಷಯದಾಗ ಬ್ಯಾರೆ ನಮೂನಿ ಆಡ್ತಾವ. ಅದಕ್ಕ ಗ್ರಬ್ ಸಾಲಿಗೆ ಎಸಿಪಿಐ ಅಂಡರ್‌ಸ್ಕೋರ್ ಓಎಸ್‌ಐ ಈಕ್ವಲ್ ಟು, ಆಮ್ಯಾಲ ಡಬಲ್ ಕೋಟ್ ಒಳಗ ಆಶ್ಚರ್ಯ ಚಿಹ್ನೆ, ವಿಂಡೋಸ್ 2012 (ಇಲ್ಲಿ ಡಬ್ಲ್ಯು ಮಾತ್ರ ದೊಡ್ಡಕ್ಷರ) ಅಂತ ಸೇರ್ಸಿದ್ರ, 2012 ಅಲ್ಲಪ್ಪ ನಾನು ಅಂತ ಹೇಳ್ದಂಗ ಆಗ್ತದ. ಇದನ್ನೂ ಒಂದೇ ಬೂಟಿಗೆ ಪರೀಕ್ಷೆ ಮಾಡ್ರಿ, ಫ್ಯಾನ್, ಟಚ್‌ಪ್ಯಾಡ್, ಸ್ಲೀಪ್ ಎಲ್ಲಾ ಮೊದಲಿನಂಗ ಅದಾವೋ ಇಲ್ಲೋ ನೋಡ್ಕೊಂಡೇ ಪಕ್ಕಾ ಮಾಡ್ರಿ, ಆಗ ಗ್ರಬ್ ಫೈಲ್‌ನಾಗ ಆ ಸಾಲಿನ ಹೊರಗಿನ ಡಬಲ್ ಕೋಟ್ ಎರಡನ್ನೂ ಸಿಂಗಲ್ ಕೋಟ್ ಮಾಡ್ರಿ.

ಇಷ್ಟೆಲ್ಲಾ ಮಾಡೋ ತನ ಆರ್ಡರ್ ನಿಲ್ಲಬಾರ್ದಲ್ಲ, ಬ್ರೈಟ್‌ನೆಸ್‌ಸಿಟಿಎಲ್ ಅಂತ ಪ್ಯಾಕೇಜ್ ಹಾಕ್ಕೊಳ್ರಿ. ಅದಕ್ಕ ಸೆಟ್, ಆಮ್ಯಾಲ 10 ಪರ್ಸೆಂಟ್ ಪ್ಲಸ್ ಅಂದ್ರ ಏರ್ತದ, 10 ಪರ್ಸೆಂಟ್ ಮೈನಸ್ ಅಂದ್ರ ಇಳೀತದ. ಇವೆರಡನ್ನೂ ಸೆಟ್ಟಿಂಗ್ಸ್‌ನ ಕಸ್ಟಮ್ ಶಾರ್ಟ್‌ಕಟ್‌ನಾಗ ನಿಮ್ಗ ಬೇಕಾದ ಕೀಗೆ ಕಟ್ರಿ. ಸುಡೊ ಇಲ್ದೇ ನಡೀಲಿಲ್ಲ ಅಂದ್ರ ನಿಮ್ ಯೂಸರ್‌ನ ವಿಡಿಯೋ ಗ್ರೂಪಿಗೆ ಸೇರ್ಸಿ ಒಮ್ಮೆ ಲಾಗ್‌ಔಟ್ ಆಗಿ ಬರ್ರಿ. ನಾನಾದ್ರ ಇಷ್ಟಕ್ಕೇ ಸುಮ್ನಾಗ್ತಿದ್ದೆ.

ಪ್ರಶ್ನೆ: ಶಹಾಪುರದಾಗ ಮಾಸ್ತರ್ ಇದೀನಿ. ಗೆಳೆಯರೊಬ್ಬರು ಎಕ್ಸ್‌ರ್ಯಾಂಡರ್ ಕಮಾಂಡ್‌ನಾಗ ಬ್ರೈಟ್‌ನೆಸ್ 0.5 ಅಂತ ಕೊಡ್ಲಾಕ ಹೇಳಿದ್ರು, ಸ್ಕ್ರೀನ್ ಡಿಮ್ ಆಯ್ತು, ಆದ್ರ ಬ್ಯಾಟರಿ ಮೊದಲಿನಷ್ಟೇ ಜಲ್ದಿ ಮುಗೀತದ, ಕರಿ ಬಣ್ಣ ಬಿಳಿ ಬಣ್ಣ ಎಲ್ಲಾ ಬೂದಿ ಬಳದಂಗ ಕಾಣ್ತದ.

ಉತ್ತರ: ಅದು ಲೈಟ್ ಕಡಿಮಿ ಮಾಡೋದಲ್ರಿ ಸರ, ಕಂದೀಲು ಅಷ್ಟೇ ಉರೀಲಿ ಅಂತ ಬಿಟ್ಟು ಗ್ಲಾಸಿಗೆ ಮಸಿ ಹಚ್ಚಿದಂಗ. ಎಕ್ಸ್‌ರ್ಯಾಂಡರ್ ಚಿತ್ರದ ಬಣ್ಣ ಅಷ್ಟೇ ಕಪ್ಪಗ ಮಾಡ್ತದ, ಹಿಂದಿನ ಲೈಟ್ ಫುಲ್ ಉರೀತಾನೇ ಇರ್ತದ, ಬ್ಯಾಟರಿ ಹೆಂಗ ಉಳೀಬೇಕು. ವೇಲ್ಯಾಂಡ್ ಅನ್ನೋ ಹೊಸ ಡಿಸ್‌ಪ್ಲೇ ಪದ್ಧತಿಯ ಸೆಷನ್‌ನಾಗಂತೂ ಅಷ್ಟೂ ಕೆಲಸ ಮಾಡಲ್ಲ. ಬೀದರ್‌ನವ್ರಿಗೆ ಹೇಳಿದ ಬ್ರೈಟ್‌ನೆಸ್‌ಸಿಟಿಎಲ್ ಹಾಕ್ಕೊಳ್ರಿ, ಅದು ಖರೇನ ಲೈಟ್ ಇಳಸ್ತದ.

ಪ್ರಶ್ನೆ: ಹುಮನಾಬಾದ್. ಬ್ರೈಟ್‌ನೆಸ್ ಕೀ ಹುಡುಕ್ತಾ ಎಲ್ಲಾ ಎಫ್ ಕೀ ಒತ್ತಿದೆ, ವೈಫೈ ಹೋಯ್ತು, ಈಗ ಬರವಲ್ದು.

ಉತ್ತರ: ಏರೋಪ್ಲೇನ್ ಕೀ ಒತ್ತೀರಿ. ಟರ್ಮಿನಲ್‌ನಾಗ ಆರ್‌ಎಫ್‌ಕಿಲ್ ಅಂತ ಹೊಡೀರಿ. ಸಾಫ್ಟ್ ಕೆಳಗ ಬ್ಲಾಕ್ಡ್ ಅಂತಿದ್ರ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ ಅಂದ್ರ ಬರ್ತದ. ಹಾರ್ಡ್ ಕೆಳಗ ಬ್ಲಾಕ್ಡ್ ಅಂತಿದ್ರ ಎಷ್ಟು ಕಮಾಂಡ್ ಹೊಡದ್ರೂ ಕೇಳಲ್ಲ, ಅದೇ ಕೀ ಮತ್ತೊಮ್ಮೆ ಒತ್ರಿ, ಹಳೇ ಮಷೀನ್ ಇದ್ರ ಅಂಚಿಗೆ ಸಣ್ಣ ಸ್ವಿಚ್ ಇರ್ತದ, ಬ್ಯಾಗಿನಾಗ ತಿಕ್ಕಿ ಸರದಿರ್ತದ, ಅದನ್ನ ನೋಡ್ರಿ.

ಪ್ರಶ್ನೆ: ಸೇಡಂನಿಂದ. ನಮ್ ಹುಡುಗ ಲ್ಯಾಪ್‌ಟಾಪ್‌ನಾಗ ಏನು ಒತ್ತಿದನೋ ಗೊತ್ತಿಲ್ಲ, ಯು ಒತ್ತಿದ್ರ 4 ಬರ್ತದ, ಐ ಒತ್ತಿದ್ರ 5. ಪಾಸ್‌ವರ್ಡ್ ಹಾಕಿದ್ರ ತಪ್ಪು ಅಂತದ, ಒಳಗೇ ಹೋಗ್ಲಾಕ ಬರ್ತಿಲ್ಲ. ವೈರಸ್ ಏನ್ರಿ?

ಉತ್ತರ: ವೈರಸ್ ಅಲ್ರಿ, ನಮ್‌ಲಾಕ್. ಬಲಗಡಿ ನಂಬರ್ ಪ್ಯಾಡ್ ಇಲ್ದ ಹಳೇ ಲ್ಯಾಪ್‌ಟಾಪ್‌ನಾಗ ಜೆ, ಕೆ, ಎಲ್‌ಗೆ 1, 2, 3, ಯು, ಐ, ಓಗೆ 4, 5, 6 ಅಂತ ಇಟ್ಟಿರ್ತಾರ, ಕೀ ಮ್ಯಾಲ ಸಣ್ಣ ಬಣ್ಣದಾಗ ಬರದೂ ಇರ್ತದ ನೋಡ್ರಿ. ಎಫ್ಎನ್ ಹಿಡ್ಕೊಂಡು ನಮ್‌ಲಾಕ್ ಒತ್ರಿ, ಆ ಹೆಸ್ರು ಕಾಣ್ಲಿಲ್ಲ ಅಂದ್ರ ಸ್ಕ್ರಾಲ್ ಲಾಕ್ ಇಲ್ಲಾ ಎಫ್11 ಆಸುಪಾಸು ಹುಡುಕ್ರಿ. ಪಾಸ್‌ವರ್ಡ್ ಡಬ್ಬಿಯಾಗ ಚುಕ್ಕಿ ಅಷ್ಟೇ ಕಾಣ್ತಾವ, ಬಾಜೂಕ್ಕಿರೋ ಕಣ್ಣಿನ ಗುರುತು ಒತ್ತಿ ಯು ಬಂತೋ 4 ಬಂತೋ ನೋಡ್ಕೊಂಡು ಎಂಟರ್ ಹೊಡೀರಿ. ಹುಡುಗನಿಗೆ ಬೈಬ್ಯಾಡ್ರಿ.