ಬಿಡಿಎಸ್ ಸೇರಿಕೊಂಡೇ ಎಂಬಿಬಿಎಸ್‌ಗೆ ಓದಬಹುದಾ?

ಸಿಕ್ಕಿದ ಹಲ್ಲಿನ ಡಾಕ್ಟರ್ ಕೋರ್ಸಾದ ಬಿಡಿಎಸ್‌ಗೆ ಸೇರಿಕೊಂಡು, ಜೊತೆಯಲ್ಲೇ ಇನ್ನೊಮ್ಮೆ ನೀಟ್ ಬರೆಯಬಹುದಾ ಅಂತ ಕೇಳಿದ್ದೀರಿ. ಮಾರಾಯ್ರೆ, ನಾನು ಮಾಡಿದ್ದೂ ಅದನ್ನೇ.

ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ನನ್ನ ರ‍್ಯಾಂಕಿಗೆ ಎಂಬಿಬಿಎಸ್ ಬರಲಿಲ್ಲ, ಮಂಗಳೂರಿನ ಕಡೆ ಬಿಡಿಎಸ್ ಸಿಕ್ಕಿತು. "ಹೇಗೂ ಡಾಕ್ಟರೇ ಅಲ್ವಾ, ಸೇರು" ಅಂದರು ಅಪ್ಪ. ಸೇರಿದೆ, ಒಂದೇ ವರ್ಷಕ್ಕೆ ಅಂತ ಅಂದುಕೊಂಡು.

ಎಡವಿದ್ದು ಇಲ್ಲೇ. ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿ ಮೆಡಿಕಲ್‌ನಲ್ಲೂ ಇದೆ, ಅದನ್ನು ಓದಿದೆ. ಡೆಂಟಲ್ ಅನಾಟಮಿ ಪ್ರಾಕ್ಟಿಕಲ್ ಅಂದರೆ ಮೇಣದಲ್ಲಿ ಹಲ್ಲು ಕೆತ್ತುವುದು. ಬಿಟ್ಟು ಹೋಗುವವನಿಗೆ ಇದೆಲ್ಲ ಎಂತಕ್ಕೆ ಅಂತ ಚಕ್ಕರ್ ಹೊಡೆದು ಹಾಸ್ಟೆಲಿನಲ್ಲಿ ಪ್ಲಸ್ ಟು ಫಿಸಿಕ್ಸ್ ತಿರುವಿದೆ. ನಾನು ಕೆತ್ತಿದ ಕೋರೆಹಲ್ಲು ಮೂಲಂಗಿಯ ಹಾಗಿರುತ್ತಿತ್ತು. ಗೆಳೆಯ ಕೆತ್ತಿದ್ದನ್ನು ತೋರಿಸಿ ಸಹಿ ಹಾಕಿಸಿಕೊಂಡೆ. ಪರೀಕ್ಷೆಯಲ್ಲಿ ಗೆಳೆಯ ಬರುವುದಿಲ್ಲವಲ್ಲ, ಫೇಲು. ನೀಟೂ ಆಗಲಿಲ್ಲ. ಆರು ತಿಂಗಳು ಹಿಂದೆ ಬಿದ್ದು ಆಡ್ ಬ್ಯಾಚ್, ಅಂದರೆ ಫೇಲಾದವರ ಬ್ಯಾಚ್, ಸೇರಿದೆ. ಅದಾದರೂ ಹೋಗಲಿ, ಕೈ ಪಳಗಲೇ ಇಲ್ಲ. ಮೇಣದಲ್ಲಿ ಕಲಿಯಬೇಕಾದದ್ದನ್ನು ಕೊನೆಯ ವರ್ಷ ರೋಗಿಗಳ ಬಾಯಲ್ಲಿ ಕಲಿತೆ. ನಾನು ಹಾಕಿದ ಫಿಲ್ಲಿಂಗ್ ಎತ್ತರವಾಗಿ, ಪಾಪ, ಕಚ್ಚಿದ ಕೂಡಲೇ ಮುಖ ಹಿಂಡುತ್ತಿದ್ದರು.

ಡೆಂಟಲ್ಲಾ ಮೆಡಿಕಲ್ಲಾ ಅಂತ ತೂಗುವುದೇ ನನಗೆ ಸರಿ ಕಾಣುವುದಿಲ್ಲ. ಇಂಟರ್ನ್‌ಶಿಪ್ ಸೇರಿ ಮೆಡಿಕಲ್ ಐದೂವರೆ ವರ್ಷ, ಡೆಂಟಲ್ ಐದು. ನಮ್ಮದು ಅಕ್ಕಸಾಲಿಗನ ಕೆಲಸಕ್ಕೆ ಹತ್ತಿರ. ಕೈಕೆಲಸ ಇಷ್ಟವಿಲ್ಲದವರಿಗೆ ಬೇಡವೇ ಬೇಡ. ಮದುವೆ ಮನೆಯಲ್ಲಿ "ಬರೀ ಹಲ್ಲಿನ ಡಾಕ್ಟ್ರಾ" ಅಂತ ಈಗಲೂ ಕೇಳುತ್ತಾರೆ, ಕೇಳಲಿ. ವರ್ಷಗಟ್ಟಲೆ ಅಡಿಕೆ ಜಗಿದು, ಕೆನ್ನೆಯ ಒಳಗೆ ಗಟ್ಟಿಯಾಗಿ ಬಾಯಿ ಎರಡು ಬೆರಳಿನಷ್ಟೂ ತೆರೆಯಲಾಗದವರು ಬರುತ್ತಾರೆ. ಅದು ಕ್ಯಾನ್ಸರಿಗೆ ತಿರುಗುವ ಮೊದಲು ಹಿಡಿಯಬಹುದಾದವರು ಹೆಚ್ಚಾಗಿ ನಾವೇ. ನನ್ನ ಫೀಸು ಕಟ್ಟಿದ್ದೂ ಅಡಿಕೆಯೇ. ಅಪ್ಪನ ಹತ್ತಿರ ಆ ಸುದ್ದಿ ಎತ್ತುವುದಿಲ್ಲ.

ಎಂಬಿಬಿಎಸ್ಸೇ ಬೇಕಾದರೆ ಈ ಸೀಟು ಬಿಟ್ಟು ವರ್ಷಪೂರ್ತಿ ನೀಟ್‌ಗೆ ಕೂತುಕೊಳ್ಳಿ. ಬಿಡಿಎಸ್ ಅಂತಾದರೆ ಪ್ಲಸ್ ಟು ಪುಸ್ತಕ ಯಾರಿಗಾದರೂ ಕೊಟ್ಟು ಹೊರಡಿ. ತೀರ್ಮಾನಿಸುವ ಮೊದಲು ಊರಿನ ಹಲ್ಲಿನ ಡಾಕ್ಟರನ್ನು ಕೇಳಿ, ಕ್ಲಿನಿಕ್ಕಿನ ಮೂಲೆಯಲ್ಲಿ ಎರಡು ದಿನ ನಿಂತು ನೋಡಿ. ಬದಿಯಡ್ಕ ಕಡೆಯವರಾದರೆ ನನ್ನಲ್ಲಿಗೇ ಬನ್ನಿ. ಶನಿವಾರ ಮಾತ್ರ ಬೇಡ, ನಿಲ್ಲಲೂ ಜಾಗ ಇರುವುದಿಲ್ಲ.