ಒಬ್ಬನೇ ಮಾಡುತ್ತಿರುವ ಸಣ್ಣ ಗೇಮ್‌ನಲ್ಲಿ ತಂದೆಯ ಸಾವಿನ ಕಟ್‌ಸೀನ್ ಎಷ್ಟು ಉದ್ದ ಇದ್ದರೆ ಆಟಗಾರರು ಅಳುತ್ತಾರೆ?

ಕಟ್‌ಸೀನ್ (ಆಟ ನಿಲ್ಲಿಸಿ ತೋರಿಸುವ ಸಿನಿಮಾದಂಥ ದೃಶ್ಯ) ಎಷ್ಟು ನಿಮಿಷ, ಸಂಭಾಷಣೆ ಎಷ್ಟು ಸಾಲು, ಪಿಯಾನೊ ಒಂದೇ ಸಾಕೋ ಪಿಟೀಲೂ ಬೇಕೋ, ನಾಲ್ಕು ಮುಕ್ತಾಯ ಇಡಬೇಕೋ ಎಂದೆಲ್ಲ ಕೇಳಿದ್ದೀರಿ. ಇಷ್ಟರ ನಡುವೆ ಆಟಗಾರನ ಹೆಬ್ಬೆರಳು ಏನು ಮಾಡುತ್ತಿರುತ್ತದೆ ಅನ್ನುವುದು ಎಲ್ಲೂ ಇಲ್ಲ. ನಾನೂ ಅದನ್ನೇ ಬಿಟ್ಟಿದ್ದೆ. 11 ವಾರದ ಕೆಲಸ ಅದಕ್ಕೇ ಹೋಯಿತು.

ನನ್ನ ಆಟ ಇಷ್ಟೇ: ಮೊಮ್ಮಗಳು ತಾತನನ್ನು ಮನೆಯಿಂದ ನದಿ ದಂಡೆಯ ಬೆಂಚಿನ ತನಕ ನಡೆಸಿಕೊಂಡು ಹೋಗಬೇಕು. ಪಕ್ಕದಿಂದ ಕಾಣುವ 2ಡಿ ಆಟ, ಗೇಮ್ ಕಟ್ಟುವ ಗೋಡೋ ತಂತ್ರಾಂಶದಲ್ಲಿ ಮಾಡಿದ್ದು. ದಾರಿಯ ಉದ್ದ 2,040 ಪಿಕ್ಸೆಲ್. ಹುಡುಗಿ ಒಬ್ಬಳೇ ನಡೆದರೆ ಸೆಕೆಂಡಿಗೆ 120 ಪಿಕ್ಸೆಲ್. ಒಂದು ಬಟನ್ ಒತ್ತಿ ಹಿಡಿದರೆ ತಾತನ ಕೈ ಹಿಡಿಯುತ್ತಾಳೆ, ಆಗ ವೇಗ 48ಕ್ಕೆ ಇಳಿಯುತ್ತದೆ. ಒಬ್ಬಳಿಗೆ 17 ಸೆಕೆಂಡಿನ ದಾರಿ, ಇಬ್ಬರಿಗೆ ಸುಮಾರು 42 ಸೆಕೆಂಡು. ಬಟನ್ ಬಿಟ್ಟರೆ ತಾತ ಇದ್ದಲ್ಲೇ ನಿಲ್ಲುತ್ತಾರೆ. ಕೈ ಹಿಡಿಯುವ ಬಟನ್ ನನ್ನ ಹೊಸ ಕಲ್ಪನೆಯೇನಲ್ಲ. 2001ರ ‘ಐಕೋ’ ಗೇಮ್‌ನಲ್ಲಿ ಕಂಟ್ರೋಲರ್‌ನ ಆರ್1 ಬಟನ್ ಒತ್ತಿ ಹಿಡಿದೇ ಯೋರ್ಡಾ ಎಂಬ ಹುಡುಗಿಯನ್ನು ಕರೆದೊಯ್ಯಬೇಕಿತ್ತು.

ತಾತ ತೀರಿಕೊಳ್ಳುವ ದೃಶ್ಯ ಬಂತು. ಅಲ್ಲಿ ನಾನು ಆಟಗಾರನ ಕೈಯಿಂದ ನಿಯಂತ್ರಣ ಕಿತ್ತುಕೊಂಡು 3 ನಿಮಿಷ 40 ಸೆಕೆಂಡಿನ ಕಟ್‌ಸೀನ್ ಹಾಕಿದೆ. ಸೆಕೆಂಡಿಗೆ 12 ಫ್ರೇಮ್‌ನಂತೆ 2,640 ಫ್ರೇಮ್. ಮಳೆ, ಕಿಟಕಿ, ಹಾಸಿಗೆ, ಪತ್ರ, ಕೊನೆಗೆ ಸಂಗೀತ ಏರುವುದು, ಎಲ್ಲವೂ ಇತ್ತು. ಆರು ಜನರಿಗೆ ಆಡಲು ಕೊಟ್ಟು ಅವರ ಕೈಗಳನ್ನು ವಿಡಿಯೊ ಮಾಡಿಕೊಂಡೆ. 20ನೇ ಸೆಕೆಂಡಿನೊಳಗೆ ನಾಲ್ವರು ಕಂಟ್ರೋಲರ್ ಕೆಳಗಿಟ್ಟಿದ್ದರು. ಆಟ ಮುಗಿದ ಮೇಲೆ ಎಲ್ಲರೂ ‘ಸಂಗೀತ ಚೆನ್ನಾಗಿದೆ’ ಅಂದರು.

ಇದು ಯಾಕೆ ತಪ್ಪು ಅನ್ನುವುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಸೋತದ್ದು ಕಟ್‌ಸೀನ್ ಉದ್ದವಾಯಿತು ಅಂತ ಅಲ್ಲ. ಒಂದು ನಿಮಿಷಕ್ಕೆ ಇಳಿಸಿ ನೋಡಿದೆ, ಆಗಲೂ ಸೋತಿತು. ಆಟದ ಶುರುವಿನಿಂದ ಆಟಗಾರನಿಗೂ ತಾತನಿಗೂ ಇದ್ದ ಸಂಬಂಧವೆಲ್ಲ ಆ ಒಂದು ಬಟನ್ ಮೇಲಿನ ಒತ್ತಡದಲ್ಲಿತ್ತು. ನಿಧಾನ ಆಗುತ್ತದೆ ಎಂದು ಗೊತ್ತಿದ್ದೂ ಒತ್ತಿ ಹಿಡಿದದ್ದೇ ಅವನ ಪ್ರೀತಿ. ಸಾವಿನ ಹೊತ್ತಿಗೆ ನಾನು ಅವನಿಗೆ ಹೇಳಿದ್ದು: ಇನ್ನು ಕೈ ತೆಗಿ, ಸುಮ್ಮನೆ ಕೂತು ನೋಡು. ಮನೆಯವನಾಗಿದ್ದವನನ್ನು ಪ್ರೇಕ್ಷಕನನ್ನಾಗಿ ಮಾಡಿದೆ. ಪ್ರೇಕ್ಷಕ ಚಿತ್ರವನ್ನೂ ಸಂಗೀತವನ್ನೂ ಮೆಚ್ಚುತ್ತಾನೆ, ಅದನ್ನೇ ಅವರು ಮಾಡಿದ್ದು.

ತಪ್ಪಿನ ಇನ್ನರ್ಧ ಇದಕ್ಕಿಂತ ದೊಡ್ಡದು. ಕಟ್‌ಸೀನ್ ಮುಗಿದ ಮೇಲೆ ಹುಡುಗಿ ಒಬ್ಬಳೇ ಅದೇ ದಾರಿಯಲ್ಲಿ ನಡೆಯುತ್ತಾಳೆ. ಹಿಡಿಯಲು ಯಾರೂ ಇಲ್ಲವಲ್ಲ, ಅದಕ್ಕೆ ಆ ಬಟನ್‌ಗೆ ಏನೂ ಆಗದಂತೆ ಕೋಡ್‌ನಲ್ಲಿ ಒಂದು ಸಾಲು ಬರೆದಿದ್ದೆ. ಆಡಿದವರೊಬ್ಬರು ದೋಷಗಳ ಪಟ್ಟಿಯಲ್ಲಿ ‘ಕೊನೆಯ ದೃಶ್ಯದಲ್ಲಿ ಕೈ ಹಿಡಿಯುವ ಬಟನ್ ಕೆಲಸ ಮಾಡುತ್ತಿಲ್ಲ’ ಎಂದು ಬರೆದರು. ಇದು ದೋಷವಲ್ಲ ಎಂದು ಗುರುತು ಹಾಕಿ ಮುಚ್ಚಿಯೂಬಿಟ್ಟೆ. ಆಮೇಲೆ ರೆಕಾರ್ಡಿಂಗ್ ಮತ್ತೆ ನೋಡಿದರೆ, ಆರರಲ್ಲಿ ಐವರು ಬಾಗಿಲು ದಾಟಿದ ಕೂಡಲೇ ಆ ಬಟನ್ ಒತ್ತಿದ್ದರು. ಅಭ್ಯಾಸಬಲದಿಂದ ಹೆಬ್ಬೆರಳು ತಾತನನ್ನು ಹುಡುಕಿತ್ತು. ನಾನು 2,640 ಫ್ರೇಮ್ ಬಿಡಿಸಿ ಹುಟ್ಟಿಸಲು ನೋಡಿದ ನೋವು ಅಲ್ಲಿ ತಾನಾಗಿಯೇ ಹುಟ್ಟಿತ್ತು, ನನ್ನ ಪ್ರೋಗ್ರಾಂ ಅದಕ್ಕೆ ಉತ್ತರವನ್ನೇ ಕೊಡಲಿಲ್ಲ.

ಕಟ್‌ಸೀನ್ ಪೂರ್ತಿ ತೆಗೆದುಹಾಕಿದೆ. ಬಟನ್ ಉಳಿಸಿಕೊಂಡು ಅದಕ್ಕೆ 9 ಫ್ರೇಮ್‌ನ ಒಂದು ಚಲನೆ ಕೊಟ್ಟೆ: ಕೈ ಪಕ್ಕಕ್ಕೆ ಚಾಚುತ್ತದೆ, 0.8 ಸೆಕೆಂಡು ಹಾಗೇ ನಿಲ್ಲುತ್ತದೆ, ಹಿಂದಕ್ಕೆ ಬರುತ್ತದೆ. ವೇಗ ಇಳಿಯುವುದಿಲ್ಲ. ಅಲ್ಲಿಯವರೆಗೆ ಎರಡು ಜೊತೆ ಹೆಜ್ಜೆ ಸದ್ದು ಮತ್ತು ಊರುಗೋಲಿನ ಟಕ್ ಇದ್ದದ್ದು ಈಗ ಒಂದೇ ಜೊತೆ ಹೆಜ್ಜೆ. ಸಂಗೀತವನ್ನು ಬಾಗಿಲಿಗೆ 20 ಸೆಕೆಂಡು ಮುಂಚೆಯೇ ನಿಲ್ಲಿಸಿದೆ; ಸರಿಯಾಗಿ ಬಾಗಿಲಲ್ಲೇ ನಿಲ್ಲಿಸಿದರೆ ‘ಈಗ ದುಃಖಪಡಿ’ ಎಂದು ಸೂಚನೆ ಕೊಟ್ಟಂತಾಗುತ್ತದೆ. 17 ಸೆಕೆಂಡಿಗೆ ಬೆಂಚು ಬಂದುಬಿಡುತ್ತದೆ, ಅದು ತೀರಾ ಬೇಗ. ಮುಂದಿನ ಸಲ ಆಡಿದವರಲ್ಲಿ ಕೆಲವರು ಸ್ಟಿಕ್ಕನ್ನು ಚೂರುಚೂರೇ ತಳ್ಳಿ ತಾವಾಗಿ ನಿಧಾನ ನಡೆದರು. ಸಂಭಾಷಣೆ ಒಂದು ಸಾಲೂ ಇರಲಿಲ್ಲ.

ಈ ದಾರಿ ಹಿಡಿದ ಇಂಡೀ ಗೇಮ್‌ಗಳನ್ನು, ಅಂದರೆ ಸಣ್ಣ ಸ್ವತಂತ್ರ ತಂಡಗಳ ಆಟಗಳನ್ನು, ಕೈಯಲ್ಲಿ ಕಂಟ್ರೋಲರ್ ಹಿಡಿದೇ ನೋಡಿ, ಯೂಟ್ಯೂಬ್‌ನಲ್ಲಿ ನೋಡಿದರೆ ಇದು ತಿಳಿಯುವುದಿಲ್ಲ. 2013ರ ‘ಬ್ರದರ್ಸ್’ನಲ್ಲಿ ಎಡಗೈ ಅಣ್ಣ, ಬಲಗೈ ತಮ್ಮ. ಅಣ್ಣ ತೀರಿಕೊಂಡ ಮೇಲೆ, ಈಜಲು ಹೆದರುವ ತಮ್ಮ ಕೊನೆಯಲ್ಲಿ ಒಬ್ಬನೇ ನೀರು ದಾಟಬೇಕಾದಾಗ, ಅಷ್ಟು ಹೊತ್ತು ಸುಮ್ಮನಿದ್ದ ಅಣ್ಣನ ಬಟನ್ ಒತ್ತಬೇಕು. 2017ರ ‘ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್’ನ ಮೀನಿನ ಕಾರ್ಖಾನೆಯಲ್ಲಿ ಒಂದು ಕೈ ಯಾಂತ್ರಿಕವಾಗಿ ಮೀನು ಕತ್ತರಿಸುತ್ತಿರುತ್ತದೆ, ಇನ್ನೊಂದು ಅಲ್ಲಿ ಕೆಲಸ ಮಾಡುವ ಲೂಯಿಸ್‌ನ ಹಗಲುಗನಸಿನಲ್ಲಿ ನಡೆಯುತ್ತಿರುತ್ತದೆ. 2018ರ ‘ಫ್ಲಾರೆನ್ಸ್’ನಲ್ಲಿ ಮಾತು ಎಂದರೆ ಜೋಡಿಸಬೇಕಾದ ತುಂಡುಗಳು, ಪ್ರೇಮಿಗಳಿಬ್ಬರೂ ಹತ್ತಿರವಾದಂತೆ ತುಂಡುಗಳು ಕಡಿಮೆಯಾಗುತ್ತವೆ, ಮಾತು ಸಲೀಸಾಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟ 2021ರ ‘ಅನ್‌ಪ್ಯಾಕಿಂಗ್’: ಮನೆ ಬದಲಿಸಿದಾಗ ಸಾಮಾನು ಬಿಚ್ಚಿ ಜೋಡಿಸುವುದೇ ಆಟ. ನಾಯಕಿ ಗೆಳೆಯನ ಮನೆಗೆ ಬಂದಾಗ ಅವಳ ಪದವಿ ಪತ್ರಕ್ಕೆ ಗೋಡೆಯಲ್ಲಿ ಜಾಗ ಸಿಗುವುದಿಲ್ಲ, ಮಂಚದ ಕೆಳಗೆ ತಳ್ಳಬೇಕು. ಆ ಸಂಬಂಧದ ಬಗ್ಗೆ ಒಂದು ಪುಟ ಬರೆದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ. ಬರಹ ಮತ್ತು ಸಂಗೀತವನ್ನೇ ನೆಚ್ಚಿಕೊಂಡು ಗೆದ್ದ 2011ರ ‘ಟು ದ ಮೂನ್’ ಕೂಡ ಇದೆ, ಆದರೆ ಅದರಲ್ಲಿ ಮಾತೇ ಆಟದ ಉದ್ದಕ್ಕೂ ಹರಿಯುತ್ತದೆ. ಇಡೀ ಆಟ ಕೈಯಿಂದ ಮಾಡಿಸಿ ಕೊನೆಗೊಂದು ಸಿನಿಮಾ ಅಂಟಿಸುವುದು ಬೇರೆ ಸಂಗತಿ.

ಅಭ್ಯಾಸ ಕೂರಲು ಎಷ್ಟು ಸಲ ಮಾಡಿಸಬೇಕು? ಮೂರು ನಡಿಗೆ ಇಟ್ಟಾಗ ಕೊನೆಯಲ್ಲಿ ಯಾರೂ ಬಟನ್ ಒತ್ತಲಿಲ್ಲ. ಹತ್ತು ಇಟ್ಟಾಗ ಎಂಟನೆಯದಕ್ಕೆ ಬೇಸರ ಶುರುವಾಯಿತು. ಏಳಕ್ಕೆ ನಿಂತೆ. ಪ್ರತಿ ನಡಿಗೆಯಲ್ಲೂ ಒಂದೇ ಒಂದು ಬದಲಾವಣೆ: ನಾಲ್ಕನೆಯದರಲ್ಲಿ ತಾತ ನಡುವೆ 2.5 ಸೆಕೆಂಡು ನಿಂತು ಉಸಿರು ತೆಗೆದುಕೊಳ್ಳುತ್ತಾರೆ, ಐದರಲ್ಲಿ ಎರಡು ಕಡೆ ನಿಲ್ಲುತ್ತಾರೆ. ಏಳರಲ್ಲಿ ವೇಗ 48ರಿಂದ 40ಕ್ಕೆ ಇಳಿಯುತ್ತದೆ, ನಿಲ್ಲುವುದನ್ನು ಬಿಟ್ಟೇ ದಾರಿ 51 ಸೆಕೆಂಡು. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳಬಾರದು. ‘ತಾತ, ಇವತ್ತು ತುಂಬಾ ನಿಧಾನ’ ಎಂದು ಹುಡುಗಿ ಹೇಳಿದ ಕೂಡಲೇ ಅದು ಆಟಗಾರ ಕಂಡುಕೊಂಡ ಸತ್ಯವಾಗಿ ಉಳಿಯುವುದಿಲ್ಲ.

ಬಟನ್ ಒತ್ತಿಯೇ ಹಿಡಿಯುವುದು ಕೆಲವರ ಬೆರಳಿಗೆ ನೋವು. ಒಮ್ಮೆ ಒತ್ತಿದರೆ ಹಿಡಿತ, ಮತ್ತೊಮ್ಮೆ ಒತ್ತಿದರೆ ಬಿಡುವುದು, ಈ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಇಡಲೇಬೇಕು. ಆಗ ಕೊನೆಯ ದೃಶ್ಯದಲ್ಲಿ ಒಂದು ಒತ್ತು ಸಾಕಾಗುವಂತೆ ನೋಡಿಕೊಳ್ಳಿ, ನಾನು ಮೊದಲು ಮರೆತಿದ್ದೆ.

ಸಂಭಾಷಣೆ ಬೇಕೇ ಬೇಕಿದ್ದರೆ ಒಂದು ಪೆಟ್ಟಿಗೆಗೆ ಎರಡು ಸಾಲು ಮೀರದಿರಲಿ, ಸೆಕೆಂಡಿಗೆ ಸುಮಾರು 30 ಅಕ್ಷರ ಮೂಡಲಿ, ಮುಂದಿನದಕ್ಕೆ ಹೋಗುವುದು ಆಟಗಾರನ ಕೈಯಲ್ಲಿರಲಿ. ಕನ್ನಡದಲ್ಲಿ ಬರೆಯುವುದಾದರೆ ಒಂದು ಎಚ್ಚರ: ಕಂಪ್ಯೂಟರ್ ಅಕ್ಷರದ ಬಿಡಿ ಭಾಗಗಳಿಗೆ ಬಳಸುವ ಯೂನಿಕೋಡ್ ಸಂಕೇತ ಒಂದೊಂದನ್ನೇ ತೋರಿಸುತ್ತ ಹೋದರೆ ‘ಸ್ತ್ರೀ’ ಮೊದಲು ‘ಸ’ ಆಗಿ, ಆಮೇಲೆ ‘ಸ್’, ‘ಸ್ತ’ ಆಗಿ ಕಣ್ಣೆದುರೇ ರೂಪ ಬದಲಿಸುತ್ತದೆ. ಪೂರ್ತಿ ಅಕ್ಷರಗುಚ್ಛ ಒಮ್ಮೆಗೇ ಮೂಡುವಂತೆ ಮಾಡಿ, ಇಲ್ಲವೇ ಪದ ಪದವಾಗಿ ತೋರಿಸಿ.

ನಾಲ್ಕು ಮುಕ್ತಾಯ ಬೇಡ. ಸಾವನ್ನು ತಪ್ಪಿಸುವ ದಾರಿ ಎಲ್ಲೋ ಇದೆ ಎಂದು ಗೊತ್ತಾದ ತಕ್ಷಣ ಆಟಗಾರ ದುಃಖ ಬಿಟ್ಟು ಆ ದಾರಿ ಹುಡುಕಲು ಕೂರುತ್ತಾನೆ.

ಆಡಿಸಿ ನೋಡುವಾಗ ‘ಬೇಜಾರಾಯ್ತಾ?’ ಎಂದು ಕೇಳಬೇಡಿ, ನಿಮ್ಮ ಮುಖ ನೋಡಿ ಹೌದು ಅನ್ನುತ್ತಾರೆ. ಹಿಂದೆ ಕೂತು ಎರಡು ಗುರುತು ಹಾಕಿಕೊಳ್ಳಿ: ಕೈ ಕಂಟ್ರೋಲರ್ ಬಿಟ್ಟದ್ದು ಯಾವಾಗ, ಕೆಲಸವಿಲ್ಲದ ಬಟನ್ ಒತ್ತಿದ್ದು ಯಾವಾಗ. ಒಬ್ಬರನ್ನು ಒಂದೇ ಸಲ ಬಳಸಿ. ಎರಡನೇ ಸಲಕ್ಕೆ ಅವರಿಗೆ ಸಾವು ಮೊದಲೇ ಗೊತ್ತಿರುತ್ತದೆ. ತಂದೆಯ ಸಾವಿನ ಕತೆ ಎಂದು ಆಟದ ಪುಟದಲ್ಲೇ ಬರೆಯಿರಿ. ಈಚೆಗೆ ಯಾರನ್ನೋ ಕಳೆದುಕೊಂಡವರಿಗೆ ಅದು ಅನಿರೀಕ್ಷಿತವಾಗಿ ಎದುರಾಗಬಾರದು.

ನಿಮ್ಮ ವಿವರಣೆಯ ಮಧ್ಯೆ ಒಂದು ಸಾಲು ಬಂದು ಹೋಗಿದೆ: ಮಗ ವಾರದ ಮಾತ್ರೆಗಳನ್ನು ಅಪ್ಪನ ಡಬ್ಬಿಗೆ ಎಣಿಸಿ ತುಂಬುತ್ತಾನೆ, ‘ಇದನ್ನು ಕಟ್‌ಸೀನ್‌ನಲ್ಲಿ ತೋರಿಸುತ್ತೇನೆ’ ಎಂದಿದ್ದೀರಿ. ನಿಮ್ಮ ಆಟ ಅದೇ. ಏಳು ದಿನ, ಬೆಳಿಗ್ಗೆ ರಾತ್ರಿ ಸೇರಿ 14 ಖಾನೆ. ಪ್ರತಿ ಮಾತ್ರೆಯನ್ನೂ ಆಟಗಾರನೇ ಎಳೆದು ಹಾಕಲಿ. ನಾಲ್ಕೈದು ವಾರ ಹೀಗೇ ನಡೆಯಲಿ, ಮಾತ್ರೆಗಳು ಹೆಚ್ಚುತ್ತ ಹೋಗಲಿ. ಅಪ್ಪ ಬುಧವಾರ ರಾತ್ರಿ ಹೋಗಲಿ. ಗುರುವಾರದಿಂದ ಭಾನುವಾರದ ತನಕ 8 ಖಾನೆ ತುಂಬಿಯೇ ಇರುತ್ತವೆ. ಡಬ್ಬಿ ಮೇಜಿನ ಮೇಲಿರಲಿ, ತೆರೆಯಲು ಬರಲಿ, ಮಾತ್ರೆ ಹೊರಗೆ ತೆಗೆಯಲೂ ಬರಲಿ, ಏನು ಮಾಡಬೇಕೆಂದು ಪರದೆಯಲ್ಲಿ ಒಂದಕ್ಷರವೂ ಬೇಡ. ಮುಚ್ಚಳದ ಟಿಕ್ ಸದ್ದನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬೇಡಿ, ನಿಜವಾದ ಡಬ್ಬಿಯೊಂದನ್ನು ತಂದು ರೆಕಾರ್ಡ್ ಮಾಡಿ: ತುಂಬಿದ ಖಾನೆಗೊಂದು, ಖಾಲಿ ಖಾನೆಗೊಂದು.