ಭಜನೆ ಮುಗಿಯುವಷ್ಟರಲ್ಲಿ ಗಂಟಲು ಕಟ್ಟುತ್ತದೆ ಅಂದ ಅಕ್ಕನಿಗೆ

ಅಕ್ಕಾ, ನಿಮ್ಮ ಪ್ರಶ್ನೆ ಓದಿದೆ. ಶನಿವಾರದ ಭಜನೆ ಎರಡು ತಾಸು ನಡೆದರೆ ಕೊನೆಗೆ ಗಂಟಲು ಕಟ್ಟುತ್ತದೆ, ಮೇಲಿನ ಸ್ವರಕ್ಕೆ ಹೋದರೆ ಕತ್ತು ಬಿಗಿಯುತ್ತದೆ, ಜೇನು-ಶುಂಠಿ, ಕಲ್ಲುಸಕ್ಕರೆ-ಕಾಳುಮೆಣಸು ಏನು ಮಾಡಿದರೂ ಅಷ್ಟಕ್ಕಷ್ಟೆ ಅಂದಿದ್ದೀರಿ. ಹಾರ್ಮೋನಿಯಂ ಯಾವಾಗಲೂ ಕರಿ ಒಂದರಲ್ಲೇ, ಅಂದರೆ ಮೊದಲ ಕರಿ ಮನೆಯ ಶ್ರುತಿಯಲ್ಲೇ, ಇರುತ್ತದೆ ಅಂತಲೂ ಬರೆದಿದ್ದೀರಿ. ಆ ಕೊನೆಯ ಮಾತನ್ನು ಯಾರೂ ಗಮನಿಸಿಲ್ಲ. ಉತ್ತರ ಬರೆದವರೆಲ್ಲ ಇನ್ನೊಂದಿಷ್ಟು ಮನೆಮದ್ದು ಹೇಳಿದ್ದಾರೆ ಅಷ್ಟೆ. ಮದ್ದು ಬದಲಾಯಿಸಿ ಪ್ರಯೋಜನ ಇಲ್ಲ. ನಾವು ನುಂಗುವ ಯಾವುದೂ ದನಿ ಹುಟ್ಟುವ ಜಾಗಕ್ಕೆ ಹೋಗುವುದೇ ಇಲ್ಲ. ನಾನು ಡಾಕ್ಟರ್ ಅಲ್ಲ, ಹಾಡು ಹೇಳಿಕೊಡುವವನು. ಆದರೆ ಬಾಯಿ-ಗಂಟಲಿನ ರಚನೆ ಗೊತ್ತಿಲ್ಲದೆ ಹಾಡು ಹೇಳಿಕೊಡುವುದು ಕಷ್ಟ.

ಮೊದಲು ಕನ್ನಡಿ ಮುಂದೆ ನಿಲ್ಲಿ. ನಾಲಿಗೆ ತುದಿಯನ್ನು ಕೆಳಹಲ್ಲಿನ ಹಿಂದೆ ಇಟ್ಟು, ಬಾಯಿ ಅಗಲ ಮಾಡಿ, ಮೊಬೈಲ್ ಟಾರ್ಚ್ ಬಿಡಿ. ನಡುವೆ ನೇತಾಡುವುದು ಕಿರುನಾಲಿಗೆ. ಅದರ ಎರಡೂ ಪಕ್ಕದಲ್ಲಿ ಕಮಾನಿನಂತೆ ಇಳಿದ ಎರಡೆರಡು ಮಡಿಕೆ ಕಾಣುತ್ತವೆ. ಆ ಮಡಿಕೆಗಳ ನಡುವೆ ಉಬ್ಬಿಕೊಂಡು ಕೂತಿರುವುದು ಟಾನ್ಸಿಲ್. ಎಲ್ಲಕ್ಕಿಂತ ಹಿಂದೆ ಕಾಣುವ ಕೆಂಪು ಗೋಡೆ ಗಂಟಲಿನ ಹಿಂಭಾಗ. ಈಗ "ಆ" ಅನ್ನಿ. ಕಿರುನಾಲಿಗೆ ಸರ್ರನೆ ಮೇಲೆ ಹೋಗುತ್ತದೆ. ಅದೊಂದೇ ಅಲ್ಲ, ಅದು ಅಂಟಿಕೊಂಡಿರುವ ಮೆತ್ತನೆಯ ಅಂಗುಳವೇ ಎದ್ದು ಮೂಗಿನ ದಾರಿ ಮುಚ್ಚುತ್ತದೆ. "ಮ್" ಅಂದಾಗ ಅದು ಇಳಿದು ದಾರಿ ಬಿಡುತ್ತದೆ. ಅನುಮಾನ ಇದ್ದರೆ "ಮ್" ಅನ್ನುತ್ತಾ ಮೂಗು ಹಿಡಿಯಿರಿ, ದನಿ ಅಲ್ಲೇ ನಿಂತುಹೋಗುತ್ತದೆ. "ಆ" ಅನ್ನುತ್ತಾ ಹಿಡಿದರೆ ಏನೂ ಆಗಬಾರದು. ಆಗಲೂ ದನಿ ಬದಲಾದರೆ ನೀವು ಮೂಗಿನಲ್ಲಿ ಹಾಡುತ್ತಿದ್ದೀರಿ ಅಂತ ಲೆಕ್ಕ. ಆಕಳಿಕೆ ಬರುವ ಮುಂಚೆ ಬಾಯಿಯ ಹಿಂಭಾಗ ಅಗಲವಾಗುತ್ತದಲ್ವಾ, ಹಾಡುವಾಗ ಬೇಕಾದ್ದು ಅದೇ.

ಕನ್ನಡಿಯಲ್ಲಿ ಇಷ್ಟೇ ಕಾಣುವುದು. ದನಿ ಹುಟ್ಟುವ ತಂತುಗಳು ಇನ್ನೂ ಕೆಳಗೆ, ನಾಲಿಗೆಯ ಬುಡದ ಹಿಂದೆ ಮರೆಯಾಗಿರುತ್ತವೆ. ಜೀವಂತ ಮನುಷ್ಯ ಹಾಡುವಾಗ ಅವು ಹೇಗೆ ಕೆಲಸ ಮಾಡುತ್ತವೆ ಎಂದು ಚೆನ್ನಾಗಿ ನೋಡಿ ಬರೆದದ್ದು ಒಬ್ಬ ಹಾಡಿನ ಮೇಷ್ಟ್ರು, ಸ್ಪೇನ್ ಮೂಲದ ಮ್ಯಾನುಯೆಲ್ ಗಾರ್ಸಿಯಾ. 1854ರಲ್ಲಿ ಹಲ್ಲಿನ ಡಾಕ್ಟರು ಬಳಸುವ ಪುಟ್ಟ ಕನ್ನಡಿಯನ್ನು ಗಂಟಲೊಳಗೆ ಇಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲು ಹಾಯಿಸಿ ತನ್ನದೇ ತಂತುಗಳನ್ನು ನೋಡಿಕೊಂಡ. ಮರುವರ್ಷ ಅದನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ. ಮನುಷ್ಯ 101 ವರ್ಷ ಬದುಕಿದ, ಗಂಟಲಿನ ಬಗ್ಗೆ ಅವನ ಮಾತು ಕೇಳಬಹುದು ಬಿಡಿ.

ಈಗ ಕತ್ತಿನ ಮುಂದೆ ಗಂಟಲಮಣಿಯ ಮೇಲೆ ಎರಡು ಬೆರಳಿಟ್ಟು ಎಂಜಲು ನುಂಗಿ. ಹೆಂಗಸರಲ್ಲಿ ಮಣಿ ಎದ್ದು ಕಾಣುವುದಿಲ್ಲ, ಆದರೆ ಗಟ್ಟಿ ಭಾಗ ಬೆರಳಿಗೆ ಸಿಗುತ್ತದೆ. ನುಂಗಿದ ಕೂಡಲೇ ಅದು ಮೇಲೆ ಹಾರಿ ಮತ್ತೆ ಇಳಿಯುತ್ತದೆ. ಅದೇ ಧ್ವನಿಪೆಟ್ಟಿಗೆ. ಕತ್ತಿನಲ್ಲಿ ಉಸಿರಿನ ಕೊಳವೆ ಮುಂದೆ, ಅನ್ನದ ಕೊಳವೆ ಹಿಂದೆ. ಹಾಗಾಗಿ ತಿಂದದ್ದೆಲ್ಲ ಉಸಿರಿನ ಬಾಯಿಯನ್ನು ದಾಟಿಯೇ ಹೋಗಬೇಕು. ನುಂಗುವಾಗ ಪೆಟ್ಟಿಗೆ ಎದ್ದು ನಾಲಿಗೆ ಬುಡದ ಕೆಳಗೆ ಸೇರುತ್ತದೆ, ಮೇಲಿನ ಮೃದ್ವಸ್ಥಿಯ ಎಸಳು ಮುಚ್ಚಳದ ಹಾಗೆ ಬಾಗುತ್ತದೆ, ಒಳಗೆ ತಂತುಗಳೂ ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಒಂದು ಹನಿ ತಪ್ಪಿ ಒಳಗಿಳಿದರೂ ನೆತ್ತಿಗೆ ಹತ್ತಿ ಕೆಮ್ಮು ಕಿತ್ತುಕೊಂಡು ಬರುತ್ತದೆ.

ಅಂದರೆ ನಿಮ್ಮ ಜೇನು-ಶುಂಠಿ ನಾಲಿಗೆಗೆ ತಾಗುತ್ತದೆ, ಹಿಂಗೋಡೆಗೆ ತಾಗುತ್ತದೆ, ಆಮೇಲೆ ಹೊಟ್ಟೆಗೆ. ಗಂಟಲು ಕೆರೆಯುತ್ತಿದ್ದರೆ ಹಿತವಾಗುತ್ತದೆ, ಬೇಡ ಅನ್ನುವುದಿಲ್ಲ. ತಂತುಗಳಿಗೆ ಮುಟ್ಟುವುದು ಗಾಳಿ ಮಾತ್ರ. ಅವಕ್ಕೆ ತೇವ ಬೇಕಾದರೆ ದೇಹದ ಒಳಗಿಂದಲೇ ಬರಬೇಕು. ಭಜನೆಗೆ ಕೂತ ಮೇಲೆ ಚೊಂಬು ನೀರು ಕುಡಿದರೆ ಬಾಯಿ ಒದ್ದೆಯಾಗುತ್ತದೆ ಅಷ್ಟೆ, ಆ ದಿನ ಬೆಳಗ್ಗೆಯಿಂದ ಕುಡಿದ ನೀರು ಕೆಲಸಕ್ಕೆ ಬರುತ್ತದೆ. ಹಬೆ ಬೇರೆ ವಿಷಯ, ಅದು ಗಾಳಿ ಹೋಗುವಲ್ಲೇ ಹೋಗುತ್ತದೆ. ಬರೀ ನೀರಿನ ಹಬೆ ಸಾಕು, ಏನೇನೋ ಹಾಕಬೇಡಿ. ಸಮಯ ಸಿಕ್ಕಾಗೆಲ್ಲ ಉಸಿರನ್ನು ಮೂಗಿನಿಂದ ಎಳೆದುಕೊಳ್ಳಿ. ಮೂಗು ಗಾಳಿಯನ್ನು ಬೆಚ್ಚಗೆ, ತೇವ ಮಾಡಿ ಕಳಿಸುತ್ತದೆ. ಬಾಯಲ್ಲಿ ಎಳೆದರೆ ಒಣಗಾಳಿ ನೇರ ಒಳಗೆ.

ಗಂಟಲು ಸರಿ ಮಾಡಿಕೊಳ್ಳೋಕೆ ಹಾಡಿನ ನಡುನಡುವೆ "ಹ್ಹೆಂ ಹ್ಹೆಂ" ಅನ್ನುವ ಅಭ್ಯಾಸ ಇದ್ದರೆ ಬಿಡಿ. ಪ್ರತಿ ಸಲವೂ ಎರಡು ತಂತುಗಳು ಜೋರಾಗಿ ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಕಫ ಅನ್ನಿಸಿದರೆ ಒಂದು ಗುಟುಕು ನೀರು ನುಂಗಿ. ಗಂಟಲು ಕಟ್ಟಿದ ಮೇಲೆ ಪಿಸುಗುಟ್ಟುವುದೂ ವಿಶ್ರಾಂತಿ ಅಲ್ಲ. ಸುಮ್ನೆ ಇರುವುದೇ ವಿಶ್ರಾಂತಿ.

ಈಗ ಕರಿ ಒಂದರ ಮಾತು. ನನ್ನ ಲೆಕ್ಕದಲ್ಲಿ ನಿಮ್ಮ ತೊಂದರೆಯ ಮುಕ್ಕಾಲು ಪಾಲು ಇಲ್ಲೇ ಇದೆ. ದೊಡ್ಡ ಹೆಂಗಸಿನ ತಂತು ಸುಮಾರು 1.25ರಿಂದ 1.75 ಸೆಂಟಿಮೀಟರ್ ಉದ್ದ. ಗಂಡಸರದ್ದು 1.75ರಿಂದ 2.5. ಉದ್ದ, ದಪ್ಪ ಇದ್ದಷ್ಟೂ ನಿಧಾನವಾಗಿ ಅದುರುತ್ತದೆ, ದನಿ ತಗ್ಗು. ಕರಿ ಒಂದು ಗಂಡಸರಿಗೆ ಹೇಳಿ ಮಾಡಿಸಿದ ಶ್ರುತಿ. ಅವರ ಷಡ್ಜದಲ್ಲಿ, ಅಂದರೆ ಆಧಾರದ "ಸ"ದಲ್ಲಿ, ತಂತು ಸೆಕೆಂಡಿಗೆ ಸುಮಾರು 139 ಸಲ ಅದುರುತ್ತದೆ. ನಿಮಗೆ ಅದು ತೀರಾ ಕೆಳಗೆ, ದನಿಯೇ ಕೇಳಿಸುವುದಿಲ್ಲ. ಆದ್ದರಿಂದ ನೀವು ಒಂದು ಸ್ಥಾಯಿ ಮೇಲೆ ಹಿಡಿಯುತ್ತೀರಿ, 277ರಲ್ಲಿ. ಅಲ್ಲಿಂದ ಹಾಡು ತಾರಷಡ್ಜಕ್ಕೆ, ಅಂದರೆ ಮೇಲಿನ "ಸ"ಕ್ಕೆ, ಏರಿದರೆ 554, ಅದಕ್ಕೂ ಮೇಲಿನ "ಪ", ಅಂದರೆ ತಾರಸ್ಥಾಯಿಯ ಪಂಚಮ, ಮುಟ್ಟಿದರೆ 830. ಸೆಕೆಂಡಿಗೆ ಅಷ್ಟು ಸಲ ಎರಡು ಎಳೆ ಮಾಂಸ ಒಂದಕ್ಕೊಂದು ತಾಗಬೇಕು, ಅದೂ ಎರಡು ತಾಸು, ತಾಳ-ಡೋಲಕ್ಕಿನ ಸದ್ದನ್ನು ಮೀರಿಸಿ! ಗಂಟಲು ಕಟ್ಟದೆ ಇನ್ನೇನು?

ನೀವೇ ಮುಂದೆ ಹೇಳಿಕೊಡುವ ಹಾಡುಗಳಿಗೆ ಬಿಳಿ ಐದು ಕೇಳಿ. ಷಡ್ಜ 196ಕ್ಕೆ ಬರುತ್ತದೆ, ತಾರಷಡ್ಜ 392. ಒಬ್ಬೊಬ್ಬರಿಗೆ ಕರಿ ನಾಲ್ಕು ಹೊಂದಬಹುದು, ಹಾಡಿ ನೋಡಿ ನಿರ್ಧರಿಸಿ. ಗಂಡಸರು ಗೊಣಗಿದರೆ ಗೊಣಗಲಿ. ಅವರ ಹಾಡುಗಳಲ್ಲಿ ಮೇಲಿನ ಸಾಲು ಬಂದಾಗ ನೀವು ಸುಮ್ಮನಿದ್ದು ತಾಳ ಹಾಕಿ. ಭಕ್ತಿಗೇನೂ ಕಡಿಮೆ ಆಗಲ್ಲ.

ಕತ್ತು ಬಿಗಿಯುವುದಕ್ಕೆ ಆ ಬೆರಳಿನ ಪರೀಕ್ಷೆಯನ್ನೇ ಮಾಡಿ. ಗಂಟಲಮಣಿಯ ಮೇಲೆ ಬೆರಳಿಟ್ಟು ಸರಿಗಮ ಏರುತ್ತಾ ಹೋಗಿ. ಸ್ವಲ್ಪ ಅಲುಗಾಡುವುದು ಸಹಜ. ಆದರೆ ನುಂಗುವಾಗ ಹಾರಿದಷ್ಟೇ ಮೇಲೆ ಹಾರಿದರೆ, ನುಂಗುವ ಸ್ನಾಯುಗಳಿಂದ ಹಾಡುತ್ತಿದ್ದೀರಿ ಎಂದರ್ಥ. ಗದ್ದದ ಕೆಳಗೆ ಹೆಬ್ಬೆರಳು ಒತ್ತಿ ನೋಡಿ, ಅಲ್ಲಿ ಕಲ್ಲಿನಂತಾದರೆ ನಾಲಿಗೆ ಬುಡವೂ ಬಿಗಿದಿದೆ. ಸಡಿಲ ಮಾಡಲು ನಮ್ಮ ವರ್ಣಮಾಲೆಗಿಂತ ಒಳ್ಳೆಯ ಪಾಠ ಇಲ್ಲ. ಕ ನಾಲಿಗೆಯ ಹಿಂಭಾಗದಲ್ಲಿ, ಚ ನಡು ಅಂಗುಳಕ್ಕೆ, ಟ ತುದಿ ಹಿಂದಕ್ಕೆ ಮಡಚಿ, ತ ಹಲ್ಲಿಗೆ, ಪ ತುಟಿಗೆ. ಒಳಗಿಂದ ಹೊರಗೆ ಸಾಲಾಗಿ ಬರುತ್ತದೆ. ಹಿತವಾದ ಒಂದು ಸ್ವರದಲ್ಲಿ ಕ-ಚ-ಟ-ತ-ಪ ಹೇಳಿ, ಪ್ರತಿ ಅಕ್ಷರ ಆದ ಮೇಲೆ "ಆ" ಎಳೆಯುವಾಗ ನಾಲಿಗೆ ತುದಿ ಕೆಳಹಲ್ಲಿನ ಹಿಂದೆ ಬಂದು ಮಲಗಬೇಕು. ಆಮೇಲೆ ಜ್ಯೂಸ್ ಕುಡಿಯುವ ಸ್ಟ್ರಾ ಬಾಯಲ್ಲಿಟ್ಟು "ಊ" ಎಂದು ಮೆಲ್ಲಗೆ ಏರಿ ಇಳಿಯಿರಿ. ತುಟಿಯ ಕಡೆ ದಾರಿ ಕಿರಿದಾದರೆ ಗಾಳಿಯ ಒತ್ತಡ ಹಿಂದಕ್ಕೂ ತಳ್ಳುತ್ತದೆ, ತಂತುಗಳು ಬಡಿದುಕೊಳ್ಳದೆ ಮೃದುವಾಗಿ ಸೇರುತ್ತವೆ. ಭಜನೆಗೆ ಮುಂಚೆ ಐದು ನಿಮಿಷ ಸಾಕು.

ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬ ಹಿರಿಯರು ಎಲೆ-ಅಡಿಕೆ ಹಾಕಿದರೆ ಗಂಟಲು ಬಿಚ್ಚುತ್ತದೆ ಎಂದು ಬರೆದಿದ್ದಾರೆ. ನಮ್ಮದೂ ಅಡಿಕೆ ತೋಟವೇ, ಹೇಳೋಕೆ ಮುಜುಗರ. ಬಾಯಲ್ಲಿ ಜೊಲ್ಲು ಊರುವುದರಿಂದ ಹಾಗೆ ಅನ್ನಿಸುತ್ತದೆ, ತಂತುಗಳಿಗೆ ಏನೂ ಸಿಗುವುದಿಲ್ಲ. ವರ್ಷಗಟ್ಟಲೆ ಜಗಿದರೆ ಕೆನ್ನೆಯ ಒಳಪದರ ಬಿಳಿಚಿ ನಾರಿನಂತೆ ಗಡುಸಾಗಬಹುದು, ಬಾಯಿ ಅಗಲಿಸಲು ಬರದಂತಾಗಬಹುದು. ತೋರು, ನಡು, ಉಂಗುರದ ಬೆರಳು ಜೋಡಿಸಿ ಮೇಲೆ-ಕೆಳಗಿನ ಹಲ್ಲಿನ ನಡುವೆ ನಿಲ್ಲಿಸಿ ನೋಡಿ. ಮೂರೂ ಹಿಡಿಸದಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು, ಹೊಗೆಸೊಪ್ಪು ಇಲ್ಲದಿದ್ದರೂ, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಇನ್ನೊಂದು. ಭಜನೆ ಮುಗಿಸಿ ರಾತ್ರಿ ಹತ್ತೂವರೆಗೆ ಪ್ರಸಾದ, ಊಟ, ಕೂಡಲೇ ಮಲಗುವುದು ಎಂದಾದರೆ ಹೊಟ್ಟೆಯ ಹುಳಿ ಅನ್ನನಾಳದಿಂದ ಮೇಲೆ ಬಂದು ಧ್ವನಿಪೆಟ್ಟಿಗೆಯ ಹಿಂಬದಿಯನ್ನು ಸುಡಬಹುದು. ಭಾನುವಾರ ಬೆಳಗ್ಗೆ ದನಿ ಒಡೆದಿದ್ದು, ಮಧ್ಯಾಹ್ನ ಸರಿ ಹೋಗುತ್ತಿದ್ದರೆ ಇದನ್ನು ಅನುಮಾನಿಸಿ. ಊಟ ಬೇಗ ಮುಗಿಸಿ.

ಇಷ್ಟೆಲ್ಲ ಮಾಡಿಯೂ ದನಿ ಮೂರು ವಾರಕ್ಕಿಂತ ಜಾಸ್ತಿ ಒಡೆದೇ ಇದ್ದರೆ, ಅಥವಾ ನುಂಗಲು ನೋವು, ಎಂಜಲಲ್ಲಿ ರಕ್ತ, ಕತ್ತಿನಲ್ಲಿ ಗಂಟು ಕಂಡರೆ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋಗಿ. ಉಸಿರಾಡಲು ಕಷ್ಟವಾದರೆ ಒಂದು ದಿನವೂ ಕಾಯಬೇಡಿ. ಸಪೂರ ಕ್ಯಾಮೆರಾ ಇಳಿಸಿ ತಂತುಗಳನ್ನು ನಿಮಗೇ ಪರದೆಯಲ್ಲಿ ತೋರಿಸುತ್ತಾರೆ. ಜಾಸ್ತಿ ಹಾಡುವವರಿಗೆ, ಕಿರುಚುವವರಿಗೆ ತಂತುವಿನ ಮೇಲೆ ಸಣ್ಣ ಗಂಟು ಬರುವುದುಂಟು. ಅದಕ್ಕೆ ಬಹಳ ಸಲ ಆಪರೇಷನ್ ಬೇಕಾಗಲ್ಲ, ದನಿಯ ತರಬೇತಿಯಲ್ಲೇ ಕರಗುತ್ತದೆ. ಮೈಸೂರಿನ ಕಡೆಯವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ದನಿಯ ತೊಂದರೆಗಳನ್ನೂ ಅಲ್ಲಿ ನೋಡುತ್ತಾರೆ.

ಮುಂದಿನ ಶನಿವಾರ ಬಿಳಿ ಐದರಲ್ಲಿ ಹಾಡಿ, ಗಂಟಲು ಹೇಗಿತ್ತು ಅಂತ ಇಲ್ಲೇ ಬರೆಯಿರಿ ಅಕ್ಕಾ. ಯಾವ ಹಾಡಿನ ಯಾವ ಸಾಲಿನಲ್ಲಿ ಬಿಗಿಯುತ್ತದೆ ಎಂದೂ ತಿಳಿಸಿದರೆ ನೋಡೋಣ.